ಸಂಗಾಟ ಬರೋ ಗೆಳತಿ

ಕಾಂಡೋಮ್ ಬಳಸಿ ಅಂತ ಗೋಡೆಬರಹ ಸಾವಿರ ಸಲ ಹೇಳಬಹುದು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ, ಮುಖ ಕಂಡರೆ ಮನೆತನ ಗುರುತು ಹಿಡಿಯುವ ಊರುಗಳಲ್ಲಿ ಲೈಂಗಿಕ ವೃತ್ತಿಯ ಹೆಣ್ಣುಮಗಳನ್ನು ಎಚ್‌ಐವಿ ಪರೀಕ್ಷೆ, ಸಮಾಲೋಚನೆಯ ಕೇಂದ್ರದ (ಐಸಿಟಿಸಿ) ಬಾಗಿಲವರೆಗೆ ಕರೆತರಬಲ್ಲವಳು ಅದೇ ಬದುಕು ಕಂಡವಳು. 'ಬಾ ಯಕ್ಕಾ, ನಾನೂ ರಕ್ತ ಟೆಸ್ಟ್ ಮಾಡಿಸೀನಿ, ಸಂಗಾಟ ಬರ್ತೀನಿ.' ಈ ಮಾತನ್ನು ಡಾಕ್ಟರು ಆಡಲಾರರು.

ಇಂಥ ಗೆಳತಿಯೇ ಪೀರ್ ಎಜುಕೇಟರ್. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಮಾರ್ಗಸೂಚಿಯಂತೆ ಸುಮಾರು 60 ಮಹಿಳೆಯರಿಗೆ ಇಂಥವರು ಒಬ್ಬರು. ಇವರು ಸೋಂಕು ತಡೆಯಲು ಕಾಂಡೋಮ್ ಹಂಚುವುದು ಅಪರಾಧವಲ್ಲ ಎಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳಿದೆ. ಪ್ರತಿ ಪೊಲೀಸ್ ಠಾಣೆಗೂ ಇದು ತಿಳಿದಿರಬೇಕು. ಇಷ್ಟೆಲ್ಲ ಮಾಡುವವರ ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಎಚ್‌ಐವಿ ತಡೆಯ ಬಜೆಟ್ಟಿನಲ್ಲಿ ಮೊದಲ ಸಾಲು ಇವರದಾಗಬೇಕು.