ಅರವತ್ತೊಂದು ಮನೆ, ನಡುವೊಂದು ಬೇಲಿ

ತುಳು ನಾಟಕಕ್ಕೆಂದು ಮಂಗಳೂರಿನ ಪುರಭವನಕ್ಕೆ ಹೋದವರ ಕಣ್ಣು ರಂಗದ ಮೇಲಿರುತ್ತದೆ, ಬದಿಯಲ್ಲಿ ಕೀಬೋರ್ಡ್ ಹಿಡಿದು ಕೂತವರ ಮೇಲಲ್ಲ. ಅವರ ಕೈಯಲ್ಲಿರುವುದು ಸಾಮಾನ್ಯವಾಗಿ 61 ಮನೆ, ಅಂದರೆ ಒತ್ತುವ ಕೀಲಿ. ಅಷ್ಟರೊಳಗೆ ಹಾಡಿಗೆ ಪಿಯಾನೊ, ಅಳುವಿಗೆ ವಯಲಿನ್, ಹಾಸ್ಯಗಾರ ಕಾಲು ಜಾರಿದರೆ ಅದಕ್ಕೊಂದು 'ಡೊಂಯ್' ಎಲ್ಲವೂ ಹೊರಡಬೇಕು. ಇದನ್ನು ಒಬ್ಬರೇ ತೂಗಿಸಲೆಂದು ಮೇನ್‌ಸ್ಟೇಜ್, ಕ್ಯಾಂಟಾಬಿಲೆಯಂಥ ತಂತ್ರಾಂಶಗಳಿವೆ. ಮನೆಗಳ ನಡುವೆ ಬೇಲಿ ಹಾಕಿ ಎಡಕ್ಕೆ ಬಾಸ್, ಬಲಕ್ಕೆ ಕೊಳಲು ಎಂದು ಹಂಚಿದರೆ ಸ್ಪ್ಲಿಟ್. ಒಂದೇ ಮನೆಯಲ್ಲಿ ಪಿಯಾನೊ, ವಯಲಿನ್ ಎರಡನ್ನೂ ಕೂರಿಸಿದರೆ ಲೇಯರ್. ಪೇರಿಸುವುದು ಯಾರಿಗೂ ಬರುತ್ತದೆ. ಯಾವ ಸದ್ದನ್ನು ಎಲ್ಲಿ ಕೈಬಿಡಬೇಕೆಂಬ ಲೆಕ್ಕದಲ್ಲೇ ಈ ಕೆಲಸದ ರುಚಿಯಿರುವುದು.

ಬೇಲಿಯನ್ನೇ ನೋಡಿ. ಕೀಬೋರ್ಡಿಗೂ ಕಂಪ್ಯೂಟರಿಗೂ ನಂಟು ಕಲ್ಪಿಸುವ, 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ನಡುವಿನ 'ಬಿಳಿ ಒಂದು' 60ನೇ ಸಂಖ್ಯೆ. ಬೇಲಿ ಅಲ್ಲಿದೆಯೆನ್ನೋಣ. ಹಾಡುಗಾರರು ಶ್ರುತಿಯನ್ನು 'ಬಿಳಿ ಎರಡಕ್ಕೆ', ಅಂದರೆ ಎರಡು ಸಂಖ್ಯೆ ಮೇಲಕ್ಕೆ, ಏರಿಸಿ ಎನ್ನುತ್ತಾರೆ. ತಂತ್ರಾಂಶ ಮೊದಲು ಶ್ರುತಿ ಏರಿಸಿ ಆಮೇಲೆ ಬೇಲಿ ನೋಡಿತೋ, 58, 59ರ ಮೇಲಿದ್ದ ಎಡಗೈ ಬೇಲಿ ಹಾರಿ, ಬಾಸ್ ಇರಬೇಕಾದಲ್ಲಿ ಕೊಳಲು ಕೂಗುತ್ತದೆ! ಮೊದಲು ಬೇಲಿ, ಆಮೇಲೆ ಶ್ರುತಿ. ಲೇಯರಿನಲ್ಲೂ ಲೆಕ್ಕ ತಪ್ಪಿದರೆ ಇದೇ ಕಥೆ. ನಿಧಾನ ಏಳುವ ತಂತಿಯ ಸದ್ದು ಕುಣಿತದ ಬಾಯ್ಲಾ ಹಾಡಿನ ಓಟದಲ್ಲಿ ಹಿಂದೆ ಬೀಳುತ್ತದೆ. ಎತ್ತರದ ಮಾಡಿನ ಇಗರ್ಜಿಯಲ್ಲಿ ಪ್ರತಿಧ್ವನಿಯೇ ಒಂದು ಲೇಯರ್. ಅಲ್ಲಿ ಕೆಳಸ್ಥಾಯಿಗೂ ತಂತಿ ಬೆರೆಸಿದರೆ ಪೂಜೆಯ ಹಾಡು ಕೆಸರಾಗುತ್ತದೆ. ಒತ್ತಿನ ಬಲಕ್ಕೆ 1ರಿಂದ 127ರವರೆಗೆ ಅಂಕವಿದೆಯಲ್ಲ, 100 ದಾಟಿದಾಗ ಮಾತ್ರ ತುತ್ತೂರಿ ಏಳುವಂತೆ ಮಾಡಿದರೆ ಅದು ಬೆರಳಿನ ಅಂಕೆಯಲ್ಲಿರುತ್ತದೆ.

ಇದು ಮೋಸ, ನುಡಿಸುವುದು ಲ್ಯಾಪ್‌ಟಾಪ್ ಎಂಬ ದೂರಿದೆ. ಯುರೋಪಿನ ಹಳೆಯ ಹಾರ್ಮೋನಿಯಂನಲ್ಲೂ ಸ್ಟಾಪ್‌ಗಳು ನಡುವೆ ಒಡೆದು ಎಡಕ್ಕೊಂದು, ಬಲಕ್ಕೊಂದು ಸದ್ದು ಕೊಡುತ್ತಿದ್ದವು; ನಮ್ಮ ಹಾರ್ಮೋನಿಯಂನ ಕಪ್ಲರ್ ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಮನೆಯನ್ನೂ ಎಳೆಯುತ್ತದೆ. ಅದು ಮೋಸವಲ್ಲವಾದರೆ ಇದೂ ಅಲ್ಲ. ಸದ್ದು ತಡವಾಗುತ್ತದೆ ಎನ್ನುವವರೂ ಇದ್ದಾರೆ. ಸೆಕೆಂಡಿಗೆ 44,100ರ ದರದಲ್ಲಿ 256 ಸ್ಯಾಂಪಲ್‌ಗಳ ಬಫರ್ ತಡಮಾಡುವುದು ಸುಮಾರು 6 ಮಿಲಿಸೆಕೆಂಡ್, ಎರಡು ಮೀಟರ್ ಆಚೆಯ ಸ್ಪೀಕರಿನಿಂದ ಸದ್ದು ಕಿವಿಗೆ ಬರುವಷ್ಟು ಹೊತ್ತು. ಗಟ್ಟಿಯಾದ ಆಕ್ಷೇಪ ಒಂದೇ: ವಯಲಿನ್, ಕೊಳಲಿನವರ ಅನ್ನಕ್ಕೆ ಇದು ಕಲ್ಲಲ್ಲವೇ? ಅಷ್ಟಿಷ್ಟು ಹೌದು. ಆದರೆ ಸಣ್ಣ ತಂಡಕ್ಕೆ ಉಳಿದಿರುವ ಇನ್ನೊಂದು ದಾರಿ ಧ್ವನಿಮುದ್ರಿತ ಟ್ರ್ಯಾಕ್, ಮತ್ತು ಟ್ರ್ಯಾಕಿಗೆ ಕಾಯಲು ಬಾರದು. ತುಳು ನಾಟಕದ ಹಾಸ್ಯಗಾರ ಸ್ಥಳದಲ್ಲೇ ಮಾತು ಬೆಳೆಸುತ್ತಾನೆ, ನಗು ನಿಲ್ಲುವವರೆಗೆ ಮುಂದಿನ ಸ್ವರ ತಡೆದಿರಬೇಕು. ಅದನ್ನು ತಡೆಯುವುದು ಬೆರಳು.

ಒಂದು ಸದ್ದನ್ನು ಮಾತ್ರ ನಾನು ಲೇಯರಿಗೆ ಸೇರಿಸಲಾರೆ, ಗುಮಟೆಯದ್ದು. ಮಣ್ಣಿನ ಕೊಡದ ಬಾಯಿಯನ್ನು ಅಂಗೈ ಮುಚ್ಚಿ ತೆರೆದಂತೆಲ್ಲ ಬದಲಾಗುವ ಆ ನಾದಕ್ಕೆ 61 ಮನೆಯಲ್ಲಿ ಜಾಗವಿಲ್ಲ. ನಿಮ್ಮ ಮನೆಯ ಮದುವೆಗೆ ಮುಂಚಿನ ರೋಸಿಗೆ ಕೀಬೋರ್ಡ್ ಇರಲಿ, ಗುಮಟೆಯವರನ್ನೂ ಕರೆಯಿರಿ.