ಯಾವ ಕೊಂಬೆ ಬೇಕು ತಂಬಿ?

ನಾನು ಸರಿಯಾಗಿ ಬರೆದ ಮೊದಲ ಮರಕ್ಕೆ ಇದ್ದದ್ದು ಒಂದೇ ಕೊಂಬೆ. ಮಿಕ್ಕವನ್ನೆಲ್ಲ ಒಬ್ಬ ಮನುಷ್ಯ ನನ್ನ ಕಣ್ಣೆದುರೇ ಕಡಿದು ಕೆಡವಿದ್ದ. ಮಳೆಗಾಲದಲ್ಲಿ ಒಲೆ ಮುಂದೆ ಕೂತಾಗಲೆಲ್ಲ ಮನೆಯ ಹುಡುಗರು ಆ ಕಥೆ ಹೇಳು ಅಂತ ಪೀಡಿಸುತ್ತಾರೆ. ಹೇಳಿದ ಮೇಲೆ, ಹೋದ ಸಲಕ್ಕಿಂತ ಉದ್ದವಾಯಿತು ಅಂತ ದೂರುವವರೂ ಅವರೇ. ಈ ಸಲ ಆದಷ್ಟನ್ನೇ ಹೇಳುತ್ತೇನೆ.

1986ರ ಬೇಸಿಗೆ ರಜ. ಗುಂಡ್ಲುಪೇಟೆಯಲ್ಲಿ ಒಂಬತ್ತನೇ ಕ್ಲಾಸು ಮುಗಿಸಿದ್ದೆ. ಅದಕ್ಕೂ ಹಿಂದಿನ ವರ್ಷ ಲೋಯರ್ ಡ್ರಾಯಿಂಗ್ ಪರೀಕ್ಷೆ ಪಾಸಾಗಿತ್ತು, ಹಾಗಾಗಿ ನಾನೊಬ್ಬ ಚಿತ್ರಗಾರ ಅನ್ನುವುದರಲ್ಲಿ ನನಗೇನೂ ಅನುಮಾನ ಇರಲಿಲ್ಲ. ನನ್ನ ಚಿತ್ರ ಯಾವುದು ಅಂತ ನಿಮಗೂ ಗೊತ್ತಿರುತ್ತದೆ: ಎರಡು ಮುಕ್ಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ಅಂಕುಡೊಂಕಾದ ಹೊಳೆ, ಬದಿಗೆ ಒಂದು ಗುಡಿಸಲು, ಅದಕ್ಕೊಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಕಾಗೆ. ಗುಂಡ್ಲುಪೇಟೆಯಿಂದ ನೋಡಿದರೆ ನಿಜವಾಗಿಯೂ ಬೆಟ್ಟ ಕಾಣುತ್ತದೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅದು ಮುಕ್ಕೋನವಾಗಿಲ್ಲ ಅನ್ನುವುದನ್ನು ಅಷ್ಟು ವರ್ಷ ದಿನಾ ನೋಡಿಯೂ ನಾನು ಗಮನಿಸಿರಲಿಲ್ಲ.

ನಮ್ಮ ಡ್ರಾಯಿಂಗ್ ಮೇಷ್ಟ್ರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿತವರು. ರಜಕ್ಕೆ ಎಲ್ಲಿಗೆ ಹೋಗ್ತೀಯ ಅಂತ ಕೇಳಿದರು. ಪಂದಲೂರು, ಚಿಕ್ಕಪ್ಪನ ಮನೆಗೆ ಅಂದೆ. 'ನೀಲಗಿರಿಗಾ? ಹಾಗಾದ್ರೆ ಒಂದು ಮರ ಬರ್ಕೊಂಡು ಬಾ. ಒಂದೇ ಸಾಕು. ಆದ್ರೆ ಅದರ ಮುಂದೆ ಕೂತು ಬರೀಬೇಕು' ಅಂದರು. ಹಾಗೆ ಅಂದು, ಊಟಿ ಬೆಟ್ಟದ ಮಂಜು ಮೋಡಗಳನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪನವರ ಹೆಸರು ಹೇಳಿದರು. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತು ಬಂದವರು. ಆಮೇಲೆ ಆಗಿನ್ನೂ ಬದುಕಿದ್ದ ರುಮಾಲೆ ಚೆನ್ನಬಸವಯ್ಯನವರ ಮಾತು ಬಂತು. ಸ್ವಾತಂತ್ರ್ಯ ಹೋರಾಟ, ತಾಯಿನಾಡು ಪತ್ರಿಕೆ ಎಲ್ಲ ಮುಗಿಸಿ ಈಗ ಬೆಂಗಳೂರಿನಲ್ಲಿ ಹೂಬಿಟ್ಟ ಮರಗಳನ್ನು ಹುಡುಕಿಕೊಂಡು ಕ್ಯಾನ್ವಾಸು ಹೊತ್ತು ಹೋಗುತ್ತಾರಂತೆ. 'ಹೂವು ಉದುರೋದ್ರೊಳಗೆ ಮುಗಿಸ್ಬೇಕಲ್ಲ, ಮರ ನಿನಗೋಸ್ಕರ ಕಾಯಲ್ಲ' ಅಂದರು. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಮೂರು ವಾರದಲ್ಲೇ ಹೋಯಿತು.

ಬಂಡೀಪುರ, ತೆಪ್ಪಕಾಡು ದಾಟಿ ಗೂಡಲೂರು. ಅಲ್ಲಿ ಬಸ್ಸು ಬದಲಿಸಿ ನಾಡುಗಾಣಿ, ದೇವಾಲ, ಆಮೇಲೆ ಪಂದಲೂರು. ಊಟಿ ಅಂದುಕೊಂಡು ಸ್ವೆಟರ್ ತುಂಬಿಕೊಂಡು ಹೋಗಿದ್ದೆ. ಪಂದಲೂರಿಗೆ ಊಟಿಯ ಅರ್ಧದಷ್ಟೇ ಎತ್ತರ. ಮೇ ತಿಂಗಳ ಬೆಳಿಗ್ಗೆ ಬೆವರುತ್ತದೆ, ಮಧ್ಯಾಹ್ನ ಮೂರಕ್ಕೆ ಗುಡುಗುತ್ತದೆ. ಚಿಕ್ಕಪ್ಪ ಒಂದು ಟೀ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ. ಮನೆಯ ಹಿಂದೆಯೇ ಇಳಿಜಾರು, ಕಣ್ಣು ಹಾಯುವವರೆಗೂ ಟೀ, ನಡುನಡುವೆ ನೆರಳಿಗೆ ಸಿಲ್ವರ್ ಮರಗಳು. ತೋಟದ ಬದಿಗೆ ಮುಳ್ಳು ಬೆಳೆದುಕೊಂಡ ಒಂದು ಗುಂಡಿ ತೋರಿಸಿ, 'ಅದರ ಹತ್ರ ಹೋಗ್ಬೇಡ, ಬಿಳಿಯರು ಚಿನ್ನಕ್ಕೆ ತೋಡಿದ್ದು' ಅಂದ. 1880ರ ಸುಮಾರಿಗೆ ದೇವಾಲ, ಪಂದಲೂರಿನ ಸುತ್ತ ಚಿನ್ನದ ಹುಚ್ಚು ಎದ್ದಿತ್ತು. ಆಸ್ಟ್ರೇಲಿಯಾದ ಗಣಿಗಳ ಅನುಭವ ಇದ್ದ ಬ್ರೌ ಸ್ಮಿತ್ ಅನ್ನುವವನೊಬ್ಬ ಬಂದು ವರದಿ ಕೊಟ್ಟ, ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿದವು, ಕೆಲವೇ ವರ್ಷದಲ್ಲಿ ಮುಳುಗಿದವು. ಸಿಲ್ವರ್ ಮರವೂ ಆಸ್ಟ್ರೇಲಿಯಾದಿಂದಲೇ ಬಂದದ್ದು. ಬಂದ ಇಬ್ಬರಲ್ಲಿ ಇಲ್ಲಿ ಬೇರುಬಿಟ್ಟದ್ದು ಮರ ಮಾತ್ರ.

ನಾನು ಆರಿಸಿಕೊಂಡದ್ದು ಕಾಲುದಾರಿಯ ತಿರುವಿನಲ್ಲಿದ್ದ ಒಂದು ಸಿಲ್ವರ್ ಮರ. ಪರೀಕ್ಷೆಯ ರಟ್ಟು, ಅದಕ್ಕೆ ಕ್ಲಿಪ್ಪು ಹಾಕಿದ ಹಾಳೆ, ಅಪ್ಸರಾ ಪೆನ್ಸಿಲ್ಲು, ಕ್ಯಾಮೆಲ್ ಬಣ್ಣದ ಡಬ್ಬಿ, ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು. ಮೊದಲ ದಿನ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟೆ. ಎರಡು ನೇರ ಗೆರೆ ಕಾಂಡ, ಅದರ ಮೇಲೆ ಉಬ್ಬುಬ್ಬಾದ ಸೊಪ್ಪು. ಚಿಕ್ಕಪ್ಪ ಟೀ ಕುಡಿಯುತ್ತ ನೋಡಿ, 'ಏನ್ಲಾ ಇದು, ಹೂಕೋಸಿಗೆ ಗೂಟ ಕೊಟ್ಟಿದ್ದೀಯಾ?' ಅಂದ.

ಅಲ್ಲಿಂದ ಶುರುವಾಯಿತು. ಮೇಷ್ಟ್ರು ಕೊಟ್ಟಿದ್ದ ಸೂಚನೆಗಳು ಮೂರು. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತ ಅಳೆಯಬೇಕು. ಎಲೆ ಬರೆಯಬಾರದು, ಎಲೆಗಳ ಸಂದಿಯಲ್ಲಿ ಕಾಣುವ ಆಕಾಶ ಬರೆಯಬೇಕು. ಡಬ್ಬಿಯ ಹಸಿರನ್ನು ಮುಟ್ಟಬಾರದು.

ಮೊದಲನೆಯದನ್ನು ಮಾಡಿದಾಗಲೇ ಗಾಬರಿಯಾಯಿತು. ನಾನು ಕಾಂಡ ಅಂದುಕೊಂಡದ್ದು ಮರದ ಅರ್ಧಕ್ಕೂ ಹೆಚ್ಚು ಉದ್ದ ಇತ್ತು. ದಪ್ಪವೋ, ನಾನು ಬರೆದದ್ದರ ಕಾಲುಭಾಗ. ಎರಡನೆಯದಕ್ಕೆ ನಾಲ್ಕು ದಿನ ಹಿಡಿಯಿತು. ಸಿಲ್ವರ್ ಎಲೆ ಜರಿಗಿಡದ ಎಲೆಯ ಹಾಗೆ ಸೀಳುಸೀಳು. ಗಾಳಿ ಬಂದರೆ ಹಿಂಬದಿಯ ಬೆಳ್ಳಿ ಹೊರಳಿ ಇಡೀ ಮರ ಒಂದು ಕ್ಷಣ ಬಣ್ಣ ಬದಲಿಸುತ್ತದೆ. ಅದನ್ನು ಎಲೆ ಎಲೆಯಾಗಿ ಬರೆಯಹೊರಟವನಿಗೆ ಹುಚ್ಚೇ ಹಿಡಿಯಬೇಕು. ಕಣ್ಣು ಅರೆಮುಚ್ಚಿ ನೋಡಿದಾಗ ಎಲೆ ಮಾಯವಾಗಿ, ಹರಿದ ಬಟ್ಟೆಯ ತೂತುಗಳಂತೆ ಆಕಾಶದ ತುಂಡುಗಳು ಎದ್ದು ಬಂದವು. ಒಂದು ಮೊಲದ ಆಕಾರ, ಒಂದು ಮುರಿದ ತಟ್ಟೆ, ಒಂದು ತಮಿಳಿನ 'ಳ'. ಅವನ್ನು ಬರೆಯುತ್ತ ಹೋದೆ. ಸುತ್ತಲೂ ಮರ ತಾನಾಗಿ ಉಳಿಯಿತು.

ಹಸಿರಿನ ಗೋಳು ಬೇರೆ. ಟೀ ತೋಟದ ಹಸಿರಿಗೆ ಡಬ್ಬಿಯ ಹಸಿರು ಹಾಕಿದರೆ ಬಸ್ಸಿಗೆ ಬಳಿಯುವ ಪೇಂಟಿನ ಹಾಗೆ ಕಾಣುತ್ತಿತ್ತು. ನೀಲಿಗೆ ಹಳದಿ ಬೆರೆಸಿ, ಅದಕ್ಕೆ ಕುಂಚದ ತುದಿಯಷ್ಟು ಕಾವಿ ಮುಟ್ಟಿಸಿದರೆ ಪರವಾಗಿಲ್ಲ. ದೂರದ ಗುಡ್ಡಕ್ಕೆ ನೀರು ಜಾಸ್ತಿ, ಹಳದಿ ಕಮ್ಮಿ. ಟೀ ಗಿಡಗಳನ್ನು ಒಂದೊಂದಾಗಿ ಬರೆಯುವ ಗೋಜೂ ಬೇಡ. ಕೊಳುಂದು, ಅಂದರೆ ಟೀ ಚಿಗುರು, ಕೀಳುವ ಹೆಂಗಸರು ನಡೆದಾಡುವ ಸಂದಿಗಳನ್ನು ಎಳೆದರೆ ಸಾಕು, ಗುಡ್ಡ ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಅಂತ ಆ ಗೆರೆಗಳೇ ಹೇಳುತ್ತವೆ.

ಕೂರುವುದೂ ಸುಲಭವಲ್ಲ. ಹಿಂದಿನ ಸಂಜೆ ಮಳೆ ಬಿದ್ದಿದ್ದರೆ ಜಿಗಣೆ. ಹಲಸಿನ ಮರದ ಕೆಳಗೆ ಕೂರಬಾರದು ಅಂತ ಚಿಕ್ಕಪ್ಪನ ಕಟ್ಟಪ್ಪಣೆ, ಹಣ್ಣಿನ ವಾಸನೆಗೆ ಆನೆ ಬರುತ್ತವೆ. ಜೇನು ಮಾರಲು ಬರುತ್ತಿದ್ದ ಕಾಟ್ಟುನಾಯಕರ ಮುದುಕನೊಬ್ಬ ಒಂದು ದಿನ ಹಿಂದೆ ನಿಂತು ಬಹಳ ಹೊತ್ತು ನೋಡಿದ. ಅವನ ಮಾತು ಅರ್ಧಕ್ಕರ್ಧ ನನಗೆ ತಿಳಿಯುತ್ತಿತ್ತು, ನಮ್ಮ ಕಡೆಯ ಜೇನುಕುರುಬರ ಮಾತಿನ ಹಾಗೇ. ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಆನೆ ನಿನ್ನೆ ರಾತ್ರಿ ಇದೇ ದಾರೀಲಿ ಇಳಿದು ಹೋಯ್ತು ಅಂತ ಮಾತ್ರ ತಿಳಿಸಿ ಹೊರಟ.

ಎಂಟನೇ ದಿನಕ್ಕೆ ಮರ ಮುಕ್ಕಾಲು ಬಂದಿತ್ತು. ಒಂದು ಮಾತ್ರ ಬಗೆಹರಿಯದೆ ಉಳಿದಿತ್ತು: ಸುಮಾರು ಇಪ್ಪತ್ತೈದು ಅಡಿಯ ಮೇಲೆ ಕಾಂಡ ಒಮ್ಮೆಗೇ ನಿಂತು ಗಂಟುಗಂಟಾಗುತ್ತದೆ, ಅಲ್ಲಿಂದ ಕೊಂಬೆಗಳು ಮೊಣಕೈ ಮಡಿಸಿದ ಹಾಗೆ ಚೂಪಾಗಿ ತಿರುಗುತ್ತವೆ. ಈ ಜಾತಿಯ ಮರದ ಗುಣವೇ ಹೀಗಿರಬೇಕು ಅಂದುಕೊಂಡು, ಗೊತ್ತಿಲ್ಲದವರು ಮಾಡುವ ಹಾಗೆ ಆ ಜಾಗದಲ್ಲಿ ಗೆರೆ ತಿದ್ದಿ ತಿದ್ದಿ ಮಸಿ ಮಾಡಿದ್ದೆ.

ಒಂಬತ್ತನೇ ದಿನ ಬೆಳಿಗ್ಗೆ ಹೋದರೆ ಪಕ್ಕದ ಸಾಲಿನ ಮರಗಳೆಲ್ಲ ಬೋಳು. ನನ್ನ ಮರದ ಬುಡದಲ್ಲಿ ಒಬ್ಬ ಹಗ್ಗ ಸುತ್ತುತ್ತ ನಿಂತಿದ್ದ. ಸೊಂಟದಲ್ಲಿ ಕತ್ತಿ, ಬರಿಗಾಲು, ಐವತ್ತರ ಆಸುಪಾಸು.

ಮಳೆಗಾಲಕ್ಕೆ ಮುಂಚೆ ನೆರಳು ತೆಗೆಯುವ ಕೆಲಸ ಅದು. ಸಕಲೇಶಪುರದ ಕಡೆಯ ನನ್ನ ಚಿಕ್ಕಮ್ಮ ಕಾಫಿ ತೋಟದ ಮಾತಿನಲ್ಲಿ ಮರಗಸಿ ಅನ್ನುತ್ತಿದ್ದಳು. ಇಲ್ಲಿಯವರ ಬಾಯಲ್ಲಿ ಗಿಡಕ್ಕೂ ಮರಕ್ಕೂ ಕವಾತ್ತು. ಜೂನಿನಲ್ಲಿ ಮಂಜು ಮಳೆ ಕವಿದಾಗ ನೆರಳು ಜಾಸ್ತಿಯಾದರೆ ಎಲೆಯ ಮೇಲೆ ಬೊಬ್ಬೆ ಏಳುವ ರೋಗ ಬರುತ್ತದೆ. 1946ರಲ್ಲಿ ದಕ್ಷಿಣದ ಟೀ ತೋಟಗಳಿಗೆ ಕಾಲಿಟ್ಟ ರೋಗ, ಆಮೇಲೆ ಹೋಗೇ ಇಲ್ಲ. ಇದೆಲ್ಲ ಚಿಕ್ಕಪ್ಪ ರಾತ್ರಿ ವಿವರಿಸಿದ್ದು. ಆ ಗಳಿಗೆಯಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೆ: ನನ್ನ ಎಂಟು ದಿನದ ಕೆಲಸ ಇವನ ಕತ್ತಿಗೆ ಹೋಗುತ್ತದೆ. 'ಬೇಡ ಅಣ್ಣಾ, ವೇಣ್ಡಾಂ' ಅಂತ ಕನ್ನಡ ತಮಿಳು ಕಲಸಿ ಕೂಗಿ, ರಟ್ಟನ್ನು ಅವನ ಮುಖಕ್ಕೆ ಹಿಡಿದೆ. ಕಣ್ಣಲ್ಲಿ ನೀರೂ ಬಂದಿತ್ತು. ಹುಡುಗರಿಗೆ ಇದನ್ನು ಹೇಳುವುದಿಲ್ಲ.

ಅವನು ಚಿತ್ರ ನೋಡಿದ. ಮರ ನೋಡಿದ. ನಾನು ಮಸಿ ಮಾಡಿದ್ದ ಜಾಗದ ಮೇಲೆ ಬೆರಳಿಟ್ಟು ನಕ್ಕ. ಅವನ ತಮಿಳು ಗೂಡಲೂರಿನದಲ್ಲ, ಸಿಲೋನಿನದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಇಳಿದ ಸಾವಿರಾರು ಕುಟುಂಬಗಳಲ್ಲಿ ಅವನದೂ ಒಂದು. ಅಂಥವರಿಗೆ ಕೆಲಸ ಕೊಡುವುದಕ್ಕೆಂದೇ ತಮಿಳುನಾಡು ಸರ್ಕಾರ ಈ ಕಡೆಯೆಲ್ಲ ಟೀ ನೆಡಿಸಿತ್ತು. ಅಲ್ಲಿಯೂ ಟೀ, ಇಲ್ಲಿಯೂ ಟೀ, ಅಲ್ಲಿಯೂ ಸಿಲ್ವರ್ ಮರ. ಅವನು ನಿಧಾನವಾಗಿ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೆತ್ತಿ ಕತ್ತರಿಸಿದ್ದು ಮರ ಚಿಕ್ಕದಿದ್ದಾಗ, ಹರಡಲಿ ಅಂತ. ಈ ಮೊಣಕೈ ಹೋದ ವರ್ಷದ ಕಡಿತ, ಇದು ಅದರ ಹಿಂದಿನದು. ಇಲ್ಲಿ ಮಳೆಯಲ್ಲಿ ಕತ್ತಿ ಜಾರಿತ್ತು, ಅದಕ್ಕೇ ಸಿಪ್ಪೆ ಉದ್ದಕ್ಕೆ ಸುಲಿದಿದೆ. ಕಡಿದ ಜಾಗದ ಕೆಳಗಿನಿಂದ ಮೊಳಕೆ ಬರುತ್ತದೆ, ಅದು ಬೆಳಕಿನ ಕಡೆಗೆ ತಿರುಗುತ್ತದೆ. ನಾನು ಮರದ ಗುಣ ಅಂದುಕೊಂಡದ್ದೆಲ್ಲ ಈ ಮನುಷ್ಯನ ಕೈಬರಹ!

'ಎಂದ ಕೊಪ್ಪು ವೇಣುಂ, ತಂಬಿ?'

ಕೊಪ್ಪು ಅಂದರೆ ಕೊಂಬೆ. ಯಾವುದು ಬೇಕು ಅಂತ ಕೇಳುತ್ತಿದ್ದ. ಕಣಿವೆಯ ಕಡೆಗೆ ಬಾಗಿದ್ದ ಎಡಗಡೆಯ ಕೊಂಬೆ ತೋರಿಸಿದೆ.

ಹಗ್ಗವನ್ನು ಕಾಂಡಕ್ಕೂ ಸೊಂಟಕ್ಕೂ ಬಳಸಿ ಹತ್ತಿದ. ಮಿಕ್ಕ ಕೊಂಬೆಗಳು ಒಂದೊಂದಾಗಿ ಬಿದ್ದವು. ಪ್ರತಿಯೊಂದಕ್ಕೂ ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ಮೇಲಿನಿಂದ ಏಟು, ಸಿಪ್ಪೆ ಸೀಳದಂತೆ. ಕೆಳಗೆ ಹೆಂಗಸರು ಸೌದೆಗೆ ಕಾದಿದ್ದರು. ಕೊನೆಗೆ ನನ್ನ ಕೊಂಬೆ ಬಿಟ್ಟು, ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತು ಬೀಡಿ ಹಚ್ಚಿದ. ಇದು ಮುಗಿಯೋವರೆಗೆ ಬರ್ಕೋ ಅಂತ ಸನ್ನೆ ಮಾಡಿದ.

ಹೊಸ ಹಾಳೆ ಹಾಕಿದೆ. ಬೋಳು ಮರ, ಒಂದು ಕೊಂಬೆ, ಅದರ ಪಕ್ಕ ಬೀಡಿ ಸೇದುವ ಆಳು. ಅಳೆಯಲು ಪುರಸೊತ್ತಿಲ್ಲ, ತಿದ್ದಲೂ ಇಲ್ಲ. ಪ್ರತಿ ಗಂಟೂ ಯಾಕೆ ಅಲ್ಲಿದೆ ಅಂತ ಗೊತ್ತಿದ್ದರಿಂದ ಕೈ ತಡವರಿಸಲಿಲ್ಲ. ಎಂಟು ದಿನ ಆಗದ್ದು ಒಂದು ಬೀಡಿಯ ಹೊತ್ತಿನಲ್ಲಿ ಆಯಿತು.

ಅಷ್ಟರಲ್ಲಿ ಮೇಸ್ತ್ರಿ ಬಂದ. ಒಂದು ಕೊಂಬೆ ಯಾಕೆ ಬಿಟ್ಟೆ ಅಂತ ಕೆಳಗಿನಿಂದ ಅರಚಿದ. ಮೇಲಿದ್ದವನು ಒಂದಿಷ್ಟೂ ಅವಸರವಿಲ್ಲದೆ ಬೀಡಿ ಬಾಯಿಂದ ತೆಗೆದು, ಅದರಲ್ಲಿ ಕಡಜದ ಗೂಡಿದೆ ಅಂದ. ಮೇಸ್ತ್ರಿ ತಲೆ ಎತ್ತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಇಲ್ಲದ ಕಡಜದ ಭಯಕ್ಕೆ ಆ ಕೊಂಬೆ ನಾನು ಊರಿಗೆ ಹೊರಡುವವರೆಗೂ ಹಾಗೇ ಇತ್ತು.

ಬಣ್ಣ ಹಾಕುತ್ತಿದ್ದಾಗ ನಿಲಂಬೂರಿನ ಕಡೆಯಿಂದ ಮಂಜು ಏರಿ ಬಂತು, ಹಿಂದೆಯೇ ಮಳೆ. ಓಡುವುದರೊಳಗೆ ಚಿತ್ರದ ಕೆಳಗಿನ ಅರ್ಧ ಕರಗಿ ಹರಿದಿತ್ತು. ಬೆಟ್ಟ ಮಂಜಿನಲ್ಲಿ ಮುಳುಗಿದ ಹಾಗಿದೆ, ಚೆನ್ನಾಗೇ ಇದೆ ಅಂತ ಚಿಕ್ಕಮ್ಮ ಸಮಾಧಾನ ಮಾಡಿದಳು. ನಾನೂ ಕೆಲವು ವರ್ಷ ಹಾಗೇ ನಂಬಿಕೊಂಡಿದ್ದೆ. ಆಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಆ ನೀಲಗಿರಿಯ ಚಿತ್ರಗಳ ಮುಂದೆ ನಿಂತಾಗ ಭ್ರಮೆ ಇಳಿಯಿತು. ಅಲ್ಲಿ ಮಂಜಿನ ಒಳಗೂ ಬೆಟ್ಟ ಇದೆ. ನನ್ನದರಲ್ಲಿ ಬರೀ ನೀರು ಬಿದ್ದಿದೆ. ಮಳೆ ನನಗೋಸ್ಕರ ಚಿತ್ರ ಬರೆಯಿತು ಅನ್ನುವವರನ್ನು ಕಂಡರೆ ನನಗೆ ಈಗಲೂ ಅಷ್ಟಕ್ಕಷ್ಟೆ.

ಆ ದಿನ ಸಂಜೆ ಸೊಪ್ಪು ತೂಗುವ ಶೆಡ್ಡಿನಲ್ಲಿ ಮರ ಹತ್ತಿದವನು ಸಿಕ್ಕ. ಚಿತ್ರ ನೋಡಲು ಕೊಟ್ಟೆ. ಲಾಟೀನಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ತನ್ನ ಮುಖ ಬಂದಿಲ್ಲ ಅನ್ನಲಿಲ್ಲ, ಬಣ್ಣ ಕರಗಿದೆ ಅನ್ನಲಿಲ್ಲ. 'ಕತ್ತಿ ತಪ್ಪು' ಅಂದ. ನಾನು ಅಡುಗೆಮನೆಯ ಚಾಕುವಿನ ಹಾಗೆ ನೇರವಾಗಿ ಬರೆದಿದ್ದೆ. ಸೊಂಟದಿಂದ ಕತ್ತಿ ತೆಗೆದು ಮೇಜಿನ ಮೇಲಿಟ್ಟ. ತುದಿ ಒಳಗೆ ಬಾಗಿದೆ, ಬಾಗಿದ ಕಡೆಗೇ ಅಲಗು. ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ಲು ತೆಗೆದುಕೊಂಡ. ಮುಷ್ಟಿಯಲ್ಲಿ ಹಿಡಿದು, ನಾಲಗೆ ಹಲ್ಲಿಗೆ ಕೊಟ್ಟು, ನನ್ನ ಕತ್ತಿಯ ಮೇಲೆ ತನ್ನ ಕತ್ತಿ ಬರೆದ. ಕೊನೆಯ ತಿರುವಿನಲ್ಲಿ ಸೀಸ ಮುರಿಯಿತು.

ಆ ಹಾಳೆ ಇಲ್ಲೇ ಟ್ರಂಕಿನಲ್ಲಿದೆ. ಹಸಿರು ಹಳದಿಯಾಗಿದೆ, ಕೊಂಬೆ ಕಾಣುವುದೇ ಕಷ್ಟ. ಹುಡುಗರು ಅದನ್ನು ಮಗುಚಿ ಹಿಂಬದಿಗೆ ಬೆರಳಾಡಿಸುತ್ತಾರೆ. ಅಲ್ಲಿ ಕತ್ತಿಯೊಂದೇ ಉಬ್ಬಿಕೊಂಡು ಕೈಗೆ ಸಿಗುತ್ತದೆ.