ದವಾಖಾನೆಯ ಮೆಟ್ಟಿಲು

ಧಾರವಾಡದಂತಹ ವಿದ್ಯಾಕೇಂದ್ರಗಳಲ್ಲಿ ಮಠಗಳ ಪ್ರಸಾದ ನಿಲಯಗಳ ಆಶ್ರಯ ಪಡೆದು ಉನ್ನತ ಶಿಕ್ಷಣ ಪೂರೈಸಿದ ಬಡ ಮಕ್ಕಳು ಅಸಂಖ್ಯರು. ಅನ್ನ, ವಸತಿಗಳ ಚಿಂತೆ ನೀಗಿದ ಇಂತಹ ವಿದ್ಯಾರ್ಥಿಯು ದೇಹಾಲಸ್ಯವಾದೊಡನೆ ವೈದ್ಯರಲ್ಲಿಗೆ ಹೋಗುವನೆಂದು ಭಾವಿಸುವುದು ಸಹಜ. ಆದರೆ ಆತ ಹೋಗುವುದು ಬಹು ತಡವಾಗಿ. ಇದನ್ನು ಅಜ್ಞಾನವೆಂದೋ ಹುಡುಗಾಟಿಕೆಯೆಂದೋ ಕರೆದು ಹಿರಿಯರು ಸುಮ್ಮನಾಗುವುದುಂಟು.

ಸ್ನಾತಕೋತ್ತರ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ದೀಪಾವಳಿ ಕಳೆದ ಮೇಲೆ ಅವನಿಗೆ ಕೆಮ್ಮು ಹತ್ತಿತು. ಮೊದಲ ವಾರ ಥಂಡಿಯ ಕೆಮ್ಮೆಂದುಕೊಂಡ. ಎರಡನೆಯ ವಾರ ಔಷಧದ ಅಂಗಡಿಯಿಂದ ಒಂದು ಬಾಟಲಿ ತಂದ. ಮೂರನೆಯ ವಾರ ಸಂಜೆಯಾದರೆ ಸಣ್ಣ ಜ್ವರ. ಅಂಗಿ ಮೈಮೇಲೆ ಸಡಿಲವಾಗತೊಡಗಿತು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆಯಾಗಬೇಕೆಂಬ ಸರಕಾರಿ ಫಲಕವನ್ನು ಅವನು ನಿತ್ಯವೂ ಬಸ್ ನಿಲ್ದಾಣದಲ್ಲಿ ಓದುತ್ತಿದ್ದ. ತಿಳಿವಳಿಕೆಗೇನೂ ಕೊರತೆ ಇರಲಿಲ್ಲ.

ಕೊರತೆ ಬೇರೆ ಕಡೆಗಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹಣವಿಲ್ಲ, ನಿಜ. ಆದರೆ ಸರದಿಯಲ್ಲಿ ನಿಂತರೆ ಒಂದು ದಿನದ ಪಾಠ ಹೋಗುತ್ತದೆ, ಹಾಜರಿ ನೂರಕ್ಕೆ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೇ ಸಂಚಕಾರ. ಊರಿನಲ್ಲಿ ಹತ್ತಿಯ ಬೆಳೆ ಕೈಕೊಟ್ಟಿದೆ, ತಂಗಿಯ ಮದುವೆಯ ಮಾತುಕತೆ ನಡೆದಿದೆ. ರೋಗದ ಹೆಸರು ಹೊರಬಿದ್ದರೆ ಆ ಮಾತು ಮುರಿದೀತೆಂಬ ಭಯ. ಆದುದರಿಂದ ಫೋನಿನಲ್ಲಿ ತಂದೆಗೆ ಹೇಳುವುದು ಒಂದೇ: "ಆರಾಮ ಅದೀನಿ."

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಋಣದ ಭಾವನೆ. ಮಠದ ಅನ್ನ ಉಣ್ಣುವವನು ಮತ್ತೊಂದು ಭಾರವಾಗಬಾರದೆಂದು ಮನಸ್ಸಿನಲ್ಲೇ ಕುಗ್ಗುತ್ತಾನೆ. ದಾನಿಗಳೂ ನಿಲಯದ ವ್ಯವಸ್ಥಾಪಕರೂ ಎಂದೂ ಹಾಗೆ ಎಣಿಸಿರಲಿಕ್ಕಿಲ್ಲ. ಆದರೂ ಕೃತಜ್ಞತೆಯೇ ಕಾಲಿಗೆ ತೊಡರುವುದುಂಟು. ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನಂತಹ ವೈದ್ಯನೂ ಇದ್ದನೆಂಬುದನ್ನು ನಿಲಯದ ಪ್ರಾರ್ಥನೆಯ ಹೊತ್ತಿನಲ್ಲಿ ಎಷ್ಟು ಮಂದಿ ನೆನೆಯುತ್ತಾರೋ!

ವಿದ್ಯಾರ್ಥಿನಿಯರ ಪಾಡು ಇನ್ನೂ ಬಿಗಿ. ಹೊರಗೆ ಹೋಗಲು ಅನುಮತಿ ಬೇಕು, ಜೊತೆ ಬೇಕು. ಪುಸ್ತಕದಲ್ಲಿ ಕಾರಣ ಬರೆಯಬೇಕು. ಬರೆಯಲಾಗದ ಕಾರಣಗಳಿಗೆ ಆಕೆ ನೋವನ್ನೇ ನುಂಗುತ್ತಾಳೆ. ಮನಸ್ಸಿನ ಬೇನೆಯಂತೂ ಹೆಸರಿಲ್ಲದೆಯೇ ಉಳಿದುಬಿಡುತ್ತದೆ. ಬ್ರಿಟಿಷರ ಕಾಲದಿಂದಲೂ ಮಾನಸಿಕ ಆಸ್ಪತ್ರೆಯಿರುವ ಊರು ಧಾರವಾಡ. ಆ ಆಸ್ಪತ್ರೆಯ ಹೆಸರೇ ಹುಡುಗರ ಬಾಯಲ್ಲಿ ಹಾಸ್ಯದ ಮಾತಾದರೆ, ನಿದ್ರೆ ಬಾರದವನು ಅದರ ಬಾಗಿಲಿಗೆ ಹೇಗೆ ಹೋದಾನು? ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯು 2022ರಲ್ಲಿ ಆರಂಭವಾಗಿದ್ದು, 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಸರದಿಯಿಲ್ಲ, ನೋಡುವವರಿಲ್ಲ; ಸಂಕೋಚವುಳ್ಳವನಿಗೆ ಅದೇ ದೊಡ್ಡ ಅನುಕೂಲ.

ಆ ಕೆಮ್ಮಿನ ಹುಡುಗನನ್ನು ಕೊನೆಗೆ ಎಬ್ಬಿಸಿದ್ದು ಫಲಕವೂ ಅಲ್ಲ, ಉಪನ್ಯಾಸವೂ ಅಲ್ಲ. ಕೋಣೆಯ ಗೆಳೆಯನೊಬ್ಬ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ಏಳಲೇ, ನಾನೂ ಬರ್ತೀನಿ, ದವಾಖಾನಿಗೆ ನಡಿ" ಎಂದ. ಅಷ್ಟೇ. ಕ್ಷಯವೆಂದು ಗೊತ್ತಾಯಿತು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ, ಅದೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ಸರಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರಿನಿಂದ ಅದು 1000 ಆಯಿತು. ಔಷಧ ಸರಿಯಾಗಿ ನಡೆದರೆ ಕೆಲವು ವಾರಗಳಲ್ಲೇ ಸೋಂಕು ಹರಡುವ ಸಂಭವ ಬಹುಮಟ್ಟಿಗೆ ತಗ್ಗುತ್ತದೆ. ಗೆಳೆಯ ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ಯಲಿಲ್ಲ. ವೈದ್ಯರನ್ನು ಕೇಳಿಕೊಂಡು ಕಿಟಕಿಗಳನ್ನು ತೆರೆದಿಟ್ಟ, ತಾನೂ ತಪಾಸಣೆ ಮಾಡಿಸಿಕೊಂಡ.

ತಂದೆ ಬಂದದ್ದು ತಿಂಗಳ ಮೇಲೆ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟಿನೊಡನೆ. "ಯಪ್ಪಾ, ನನಗ ಮೊದಲ ಯಾಕ ಹೇಳಲಿಲ್ಲೋ?" ಎಂದು ಕೇಳಿದಾಗ ಮಗನ ಬಳಿ ಉತ್ತರವಿರಲಿಲ್ಲ. ಗೆಳೆಯನೇ ಗಂಟನ್ನು ಇಸಿದುಕೊಂಡು, ಮೂವರಿಗೂ ತಟ್ಟೆ ಹಾಕಿದ.